ಕಡಾಯಿ ಇಡದ ಮನೆಯ ದೀಪಾವಳಿ

ಚಿಂತೆ ಮಾಡುವುದು ನನಗೆ ಹೊಸದಲ್ಲ. ಬಸ್ಸು ಹತ್ತಿದರೆ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಚಿಂತೆ, ಮನೆಯಲ್ಲಿ ಕುಳಿತರೆ ಬಸ್ಸು ತಪ್ಪೀತೆಂಬ ಚಿಂತೆ. ನಮ್ಮ ಶಾಲೆಯಲ್ಲಿ ಪರೀಕ್ಷೆ ಬರೆಯುವ ಮಕ್ಕಳು ಆರಾಮಾಗಿ ಬರೆಯುತ್ತಿರುತ್ತಾರೆ, ಕಾವಲಿಗೆ ನಿಂತ ನಾನು ಉಗುರು ಕಚ್ಚುತ್ತಿರುತ್ತೇನೆ. ಯಾವ ಚಿಂತೆಯೂ ಇಲ್ಲದ ದಿನ ಏನನ್ನೋ ಮರೆತಿದ್ದೇನೆ ಎಂದು ಕಸಿವಿಸಿಯಾಗುತ್ತದೆ. ಆದರೆ ಆ ವರ್ಷದ ದೀಪಾವಳಿಗೆ ಚಿಂತೆಯನ್ನು ಹುಡುಕಿಕೊಂಡು ಹೋಗುವ ಶ್ರಮವೇ ಬೀಳಲಿಲ್ಲ.

ಮಾಘದಲ್ಲಿ ಮಗಳ ಮದುವೆ ಮಾಡಿ ರಾಮದುರ್ಗಕ್ಕೆ ಕಳಿಸಿದ್ದೆವು. ಯುಗಾದಿ ಮುಗಿದ ಕೆಲವೇ ದಿನಕ್ಕೆ ಮೈದುನ ತೀರಿಕೊಂಡ. ಬೈಲಹೊಂಗಲದ ಬಜಾರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವನದು. ಎದೆ ಉರಿ ಎಂದು ಬೆಳಿಗ್ಗೆ ಸೋಡಾ ಕುಡಿದು ಹೋದವನು ಅಂಗಡಿಯ ಶಟರ್ ಎತ್ತುತ್ತಲೇ ಕುಸಿದ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗ. ಅವನಿಗೂ ಅವನ ಹೆಂಡತಿಗೂ, ಎಂದರೆ ನನ್ನ ನೆಗೆಣ್ಣಿಗೂ, ಮಕ್ಕಳಾಗಲಿಲ್ಲ. ನನ್ನ ಮಗಳು ನನ್ನ ಮಗ್ಗುಲಲ್ಲಿ ಮಲಗಿದ್ದಕ್ಕಿಂತ ‘ಕಾಕು’ ಎಂದು ಕರೆಯುವ ಈ ಚಿಕ್ಕಮ್ಮನ ಮಗ್ಗುಲಲ್ಲಿ ಮಲಗಿದ್ದೇ ಹೆಚ್ಚು. ಮನೆ ಒಂದೇ, ಅಡುಗೆ ಒಂದೇ. ಹಿಂದಿನ ಖೋಲಿ ಅವರದು.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆ ಎಣ್ಣೆಯ ಕಡಾಯಿ ಇಡಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ, ಹೀಗೆ ಫರಾಳದ ಯಾವ ತಿನಿಸನ್ನೂ ಕರಿಯುವಂತಿಲ್ಲ. ಬೀಗರು, ಓಣಿಯವರು ತಂದುಕೊಟ್ಟರೆ ತಿನ್ನಬಹುದು. ಇನ್ನು ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು, ಎಣ್ಣೆ ಹಚ್ಚಿ ನೀರು ಹಾಕಿ, ಆರತಿ ಎತ್ತಿ, ಮನೆಯಲ್ಲಿ ಕರಿದ ಫರಾಳದ ತಾಟು ಮುಂದಿಡಬೇಕು. ಇದೂ ಕಟ್ಟಳೆಯೇ. ಈ ಎರಡನ್ನೂ ಮಾಡಿಟ್ಟ ಹಿರಿಯರು ಒಬ್ಬರನ್ನೊಬ್ಬರು ಭೇಟಿಯಾದಂತೆ ಕಾಣಲಿಲ್ಲ.

ಇಂಥ ತೊಡಕು ಬಂದಾಗ ತೀರ್ಪು ಕೊಡುವವರು ನನ್ನ ಗಂಡನ ಅಕ್ಕ. ಸವದತ್ತಿಗೆ ಕೊಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಅವರು ಸವದತ್ತಿ ಅಕ್ಕ. ಫೋನು ಹಚ್ಚಿದೆ.

“ಕಡಾಯಿ ಮಾತ್ರ ಇಡಬ್ಯಾಡ್ರಿ. ತಮ್ಮ ಹೋಗಿ ಇನ್ನಾ ವರ್ಷ ತುಂಬಿಲ್ಲ.”

“ಹೌದ್ರಿ ಅಕ್ಕಾ. ಹಂಗಾರ ಅಳಿಯಾಗ ಮುಂದಿನ ವರ್ಷ ಕರದ್ರಾತು.”

“ಮುಂದಿನ ವರ್ಷದ್ದು ಮೊದಲನೇ ದೀಪಾವಳಿ ಹೆಂಗಾಗತೈತಿ? ರಾಮದುರ್ಗದವ್ರು ಏನಂದಾರು? ಈ ವರ್ಷನ ಕರೀಬೇಕ.”

“ಮತ್ತ ಕಡಾಯಿ?”

“ಇಡಬಾರದು ಅಂತ ಈಗರ ಹೇಳಿದ್ನೆಲ್ಲ! ಒಂದ ಮಾತು ಎಷ್ಟ ಸಲ ಹೇಳಸ್ತೀ ನೀ?” ಎಂದು ಬೈದು, ಕೊನೆಗೆ ದಾರಿಯನ್ನೂ ತೋರಿಸಿದರು. “ಕಿತ್ತೂರಾಗ ನಿಮ್ಮಣ್ಣನ ಮನಿ ಐತೆಲ್ಲ. ಅಲ್ಲೇ ಕರದು ಮಾಡ್ರಿ. ಹೊರಗಿನ ಮನಿಗೆ ಈ ಕಟ್ಟಳಿ ಹತ್ತೂದಿಲ್ಲ.”

ಆ ಭಾನುವಾರವೇ ಕಿತ್ತೂರಿನ ಬಸ್ಸು ಹತ್ತಿದೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಕೂಗಿಸಿಕೊಂಡು ಮುಂದೆ ಹೊರಟಿದ್ದವು. ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಅಣ್ಣ ಒಪ್ಪಿದ, ಅವನ ಹೆಂಡತಿ, ನನ್ನ ವೈನಿ, ಇನ್ನೂ ಖುಷಿಯಿಂದ ಒಪ್ಪಿದಳು. ಕೆಲಸವಾಯಿತು ಎಂದು ವಾಪಸ್ ಬಸ್ಸಿನಲ್ಲಿ ಕುಳಿತಾಗಲೇ ಹೊಳೆದದ್ದು: ನಾವೆಲ್ಲ ಕಿತ್ತೂರಿಗೆ ಹೋದರೆ ನೆಗೆಣ್ಣಿ ಎಲ್ಲಿರಬೇಕು? ಕರೆದುಕೊಂಡು ಹೋದರೆ ಅಲ್ಲಿಯ ಆರತಿ, ಹೊಸ ಸೀರೆ, ಅಳಿಯನ ಆರೈಕೆ ಎಲ್ಲವನ್ನೂ ಅವಳು ಮೂಲೆಯಲ್ಲಿ ಕುಳಿತು ನೋಡಬೇಕು. ಬಿಟ್ಟು ಹೋದರೆ ಹಬ್ಬದ ದಿನ ಕತ್ತಲೆಯ ಮನೆಯಲ್ಲಿ ಒಬ್ಬಳೇ.

ಮನೆಗೆ ಬಂದು ಹೇಳಿದರೆ ನನ್ನ ಗಂಡನ ಬಳಿ ಅದಕ್ಕೂ ಉತ್ತರವಿತ್ತು. ಮುನವಳ್ಳಿಯಿಂದ ನೆಗೆಣ್ಣಿಯ ಅಣ್ಣ ಫೋನು ಮಾಡಿದ್ದನಂತೆ. ಪಾಡ್ಯದ ದಿನ ಬಂದು ಕರೆದೊಯ್ಯುತ್ತೇನೆ, ಮನಸ್ಸು ಹತ್ತಿದರೆ ಅಲ್ಲಿಯೇ ಇದ್ದುಬಿಡಲಿ, ಇಲ್ಲಿ ಇದ್ದು ಇನ್ನು ಏನು ಮಾಡುತ್ತಾಳೆ ಎಂದನಂತೆ.

“ನೀವೇನಂದ್ರಿ?”

“ನಾ ಏನನ್ಲಿ? ಆಕೀ ಮನಸ್ಸಿದ್ದಂಗ ಅಂದೆ.”

ಆ ಮನಸ್ಸಿನಲ್ಲಿ ಏನಿದೆ ಎಂದು ಅವಳನ್ನು ಅವರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಬದಲು ನೋಡತೊಡಗಿದೆ. ಏಪ್ರಿಲ್‌ನಿಂದಲೂ ನೋಡುತ್ತಲೇ ಇದ್ದೆ, ಈಗ ಅದು ಜೋರಾಯಿತು. ಎಷ್ಟು ರೊಟ್ಟಿ ತಿಂದಳು, ಕಣ್ಣು ಊದಿದೆಯೇ, ಟಿವಿ ಹಚ್ಚಿದರೆ ಎದ್ದು ಹೋಗುತ್ತಾಳೆಯೇ, ಹಚ್ಚದಿದ್ದರೆ ಮಂಕಾಗುತ್ತಾಳೆಯೇ. ನೀರು ಕುಡಿಯುವ ನೆಪದಲ್ಲಿ ಎದ್ದು ಹಿಂದಿನ ಖೋಲಿಯ ಮುಂದೆ ಹಾಯ್ದು ಬರುತ್ತಿದ್ದೆ. ಅಷ್ಟು ನೀರು ನಾನು ಜನ್ಮದಲ್ಲಿ ಕುಡಿದಿರಲಿಲ್ಲ.

ಅಷ್ಟರಲ್ಲಿ ಡಬ್ಬಿಗಳು ಬರತೊಡಗಿದವು. ಹಬ್ಬವಿಲ್ಲದ ಮನೆಗೆ ಫರಾಳ ಕೊಡುವುದು ಪುಣ್ಯದ ಕೆಲಸವಾದ್ದರಿಂದ ಓಣಿಯ ಹೆಂಗಸರೆಲ್ಲ ಮೊದಲೇ ಮಾಡಿ ತಂದರು. ಪ್ರತಿಯೊಬ್ಬರೂ “ನಾನ ಕೈಯಾರೆ ಮಾಡೇನ್ರಿ” ಎನ್ನುವರು, ಡಬ್ಬಿ ನನ್ನ ಕೈಗೆ ಕೊಡುತ್ತ ಕಣ್ಣಿನಲ್ಲಿ ನೆಗೆಣ್ಣಿಯನ್ನು ಹುಡುಕುವರು, ಕಂಡೊಡನೆ ಸೆರಗನ್ನು ಮೂಗಿಗೆ ಒತ್ತುವರು. ಅವಳು ಚಹಾ ಮಾಡಿಕೊಟ್ಟು ಅವರನ್ನೇ ಸಮಾಧಾನ ಮಾಡಿ ಕಳಿಸಬೇಕು. ಕಡಾಯಿ ಇಟ್ಟ ವರ್ಷಗಳಲ್ಲಿಯೂ ನಮ್ಮ ಮನೆಯಲ್ಲಿ ಅಷ್ಟು ಫರಾಳ ಸೇರಿರಲಿಲ್ಲ. ನಾನು ಒಂದೊಂದು ಡಬ್ಬಿ ತೆರೆದು ರುಚಿ ನೋಡಿ ಅಂಕ ಕೊಡುತ್ತ ಕುಳಿತೆ. ಶಾಲೆಯ ಚಟ.

ಒಂದು ಮನೆಯ ಕರ್ಚಿಕಾಯಿಯ ಅಂಚನ್ನು ಗಾಲಿಯಿಂದ ಕತ್ತರಿಸದೆ ಬೆರಳಿನಿಂದ ಜಡೆ ಹಾಕಿದಂತೆ ಹೆಣೆದಿದ್ದರು. ಹೂರಣದಲ್ಲಿ ಹುರಿದ ಎಳ್ಳು.

“ನೋಡಿಲ್ಲೆ,” ಎಂದು ನೆಗೆಣ್ಣಿಗೆ ತೋರಿಸಿದೆ. “ಥೇಟ್ ನಿನ್ನ ಕೈದ ಆಗೇತಿ. ಬ್ಯಾಂಕಿನವ್ರ ಮನೀದು. ಆಕೀಗೆ ಚಹಾ ಸುದ್ದಾ ಮಾಡಾಕ ಬರೂದಿಲ್ಲ ಅಂತಿದ್ವಿ, ಇಷ್ಟ ಚೆಂದ ಮಾಡ್ಯಾಳ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಸರಕ್ಕನೆ ಎದ್ದು ಒಳಗೆ ಹೋದಳು. ನಾನು ನನ್ನ ನಾಲಿಗೆಯನ್ನು ಶಪಿಸಿಕೊಂಡು, ಕರ್ಚಿಕಾಯಿಯ ಡಬ್ಬಿಗಳನ್ನೆಲ್ಲ ಅವಳಿಗೆ ಕಾಣದಂತೆ ಅಟ್ಟಕ್ಕೆ ಏರಿಸಿದೆ.

ಇದರ ಜೊತೆಗೆ ಇನ್ನೊಂದು ಶುರುವಾಗಿತ್ತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳು ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತ ಕುಳಿತಿರುತ್ತಿದ್ದಳು. ದಿನಾ ಸಂಜೆ ತಲೆಗೆ ನೀರು ಯಾಕೆ? ಕೇಳಿದರೆ “ಶೆಕಿ ಅಕ್ಕಾ” ಅನ್ನುವಳು. ದೀಪಾವಳಿಯ ಚಳಿಗೆ ಶೆಕೆ! ಯಾವುದೋ ಹರಕೆ ಇರಬೇಕೆಂದುಕೊಂಡೆ, ಜಡ್ಡು ಇರಬೇಕೆಂದುಕೊಂಡೆ. ಯಾವುದೂ ಸರಿಹೋಗದೆ ಮೊಬೈಲಿನಲ್ಲಿ ಹುಡುಕಿ, ಅದು ತೋರಿಸಿದ ರೋಗಗಳನ್ನು ಓದಿ ನನಗೇ ಎರಡು ಇವೆ ಎಂದು ಖಾತ್ರಿ ಮಾಡಿಕೊಂಡೆ.

ಒಂದು ದಿನ ಶಾಲೆ ಅರ್ಧಕ್ಕೇ ಬಿಟ್ಟಿತು. ಮನೆಗೆ ಬಂದರೆ ಹಿಂದಿನ ಖೋಲಿಗೆ ಹೊರಗಿನಿಂದ ಚಿಲಕ. ತೆರೆದು ನೋಡಿದೆ. ಚಪ್ಪಲಿ ಇಲ್ಲ, ಫೋನು ಮಾತ್ರ ಹಾಸಿಗೆಯ ಮೇಲೆ. ನನ್ನ ತಲೆ ಒಂದು ಕ್ಷಣದಲ್ಲಿ ತಾಲೂಕಿನ ಬಾವಿ, ಕೆರೆ, ಕಾಲುವೆಗಳನ್ನೆಲ್ಲ ಸುತ್ತಿ ಬಂತು. ಬರಿಗಾಲಲ್ಲಿ ಹಿತ್ತಲಿಗೆ ಓಡಿದೆ. ಗೋಡೆಯ ಆಚೆಯಿಂದ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಅದು ಯಾರದೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಏಪ್ರಿಲ್‌ನಿಂದ ಅದನ್ನು ಕೇಳಿರಲಿಲ್ಲ.

ಗೋಡೆಯ ಆಚೆಯದು ಓಣಿಯೆಲ್ಲ ಭಾಬಿ ಎಂದು ಕರೆಯುವ ನೆರೆಯವಳ ಮನೆ. ಗಂಡ ಸರಕಿನ ಟೆಂಪೋ ಓಡಿಸುತ್ತಾನೆ, ಭಾಬಿ ಮದುವೆ-ಮುಂಜಿಗೆ, ಹಬ್ಬಕ್ಕೆ ತಿನಿಸು ಮಾಡಿಕೊಡುತ್ತಾಳೆ. ಹಿತ್ತಲ ಬಾಗಿಲಿನಿಂದ ಇಣುಕಿದೆ. ದೊಡ್ಡ ಕಡಾಯಿಯಲ್ಲಿ ಎಣ್ಣೆ ಕುದಿಯುತ್ತಿತ್ತು. ಒಲೆಯ ಮುಂದೆ ನನ್ನ ನೆಗೆಣ್ಣಿ, ಸೆರಗು ಸಿಕ್ಕಿಸಿ, ಕೈಯಲ್ಲಿ ಎಣ್ಣೆ ಬಸಿಯುವ ತೂತಿನ ಝಾರಿ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನನ್ನನ್ನು ನೋಡಿದಳು. ನಗು ನಿಂತಿತು.

ಅದು ನಿಂತ ರೀತಿ ನನಗೆ ಚುಚ್ಚಿತು. ತಪಾಸಣೆಗೆ ಸಾಹೇಬರು ಬಂದಾಗ ತರಗತಿ ಹಾಗೆ ಸುಮ್ಮನಾಗುತ್ತದೆ.

“ಬರ್ರಿ ಟೀಚರ್ರ, ಬರ್ರಿ,” ಭಾಬಿ ಅಂದಳು. “ಯಾಕ್ರೀ ಬರಿಗಾಲ್ಲೆ? ಮನಿಗೆ ಬೆಂಕಿ ಬಿದ್ದೈತೇನ್ರಿ?”

“ಈಕಿ ಎಲ್ಲೆ ಹೋದ್ಳೋ ಅಂತ…”

“ಎಲ್ಲೆ ಹೋಗತಾಳ್ರೀ? ಸಂಜಿ ಒಳಗ ಇನ್ನಾ ಎಷ್ಟ ಡಬ್ಬಿ ತುಂಬೂದೈತಿ. ಹೋಗ್ತೇನಂದ್ರೂ ನಾ ಬಿಡೂದಿಲ್ಲ. ಕೈ ತೊಳಕೊಂಡ ಕುಂತ್ರಿ. ಸುಮ್ನ ನೋಡಾಕ ಬಂದವರಿಗೆ ಇಲ್ಲಿ ಜಾಗಾ ಇಲ್ಲ.”

ಕುಳಿತ ಮೇಲೆ ಒಂದೊಂದೇ ತಿಳಿಯಿತು. ಓಣಿಯ ಅರ್ಧ ಹೆಂಗಸರು ಒಬ್ಬರಿಗೊಬ್ಬರು ಹೇಳದೆ ಭಾಬಿಗೆ ಫರಾಳದ ಆರ್ಡರ್ ಕೊಟ್ಟಿದ್ದರು. ಭಾಬಿಯ ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಡುತ್ತವೆ, ಹಾಗಾಗಿ ಅದನ್ನು ನೆಗೆಣ್ಣಿಯ ಕೈಗೆ ಒಪ್ಪಿಸಿದ್ದಳು. ದಿನಾ ಸಂಜೆ ತಲೆಗೆ ನೀರು ಹಾಕಿಕೊಂಡದ್ದು ಕರಿದ ಎಣ್ಣೆಯ ವಾಸನೆ ಕಳೆಯಲಿಕ್ಕೆ.

“ಹಂಗಾರ ಬ್ಯಾಂಕಿನವ್ರ ಮನಿ ಡಬ್ಬಿ?”

“ನಂದ್ರಿ ಅಕ್ಕಾ,” ನೆಗೆಣ್ಣಿ ತಲೆ ತಗ್ಗಿಸಿ ಅಂದಳು.

“ಮೂಲಿ ಮನೀದು?”

“ಅದೂ ನಂದ.”

“ಕಾಂಪೌಂಡರ್ ಮನಿ ಚಕ್ಕುಲಿ? ಬಾಳ ಬಿರಸ ಆಗೇತಿ, ಯಾರ ತಿನ್ನಬೇಕು ಅಂದಿದ್ನೆಲ್ಲ?”

“ಅದು ಭಾಬೀದ.”

“ಅರೆ! ನನ್ನ ಮಾಲಿಗೆ ಹೆಸರ ಇಟ್ಟೀರಿ?” ಎಂದು ಭಾಬಿ ಝಾರಿ ಎತ್ತಿದಳು. ನೆಗೆಣ್ಣಿಗೆ ಮತ್ತೆ ನಗು ಬಂತು. ಅವಳಿಗೆ ಸಮಾಧಾನವಾಗಲೆಂದು ಊರೆಲ್ಲ ತಂದುಕೊಟ್ಟಿದ್ದು ಅವಳೇ ಕರಿದ ಕರ್ಚಿಕಾಯಿ. ಅದನ್ನು ಇಸಿದುಕೊಂಡು ಅವಳು ಪ್ರತಿಯೊಬ್ಬರಿಗೂ ಚಹಾ ಮಾಡಿಕೊಟ್ಟಿದ್ದಳು. ನಾನು ಅಟ್ಟಕ್ಕೆ ಏರಿಸಿ ಬಚ್ಚಿಟ್ಟದ್ದೂ ಅದನ್ನೇ.

ನನಗೂ ಲಟ್ಟಿಸಿದ ಹಾಳೆ ಕೊಟ್ಟರು. ನಾನು ತುಂಬಿದವು ಕಡಾಯಿಗೆ ಬಿದ್ದೊಡನೆ ಒಡೆದು ಹೂರಣ ಕಾರಿದವು. “ಟೀಚರ್ರ, ನಿಮ್ಮವು ಎಲ್ಲಾ ಫೇಲ್,” ಎಂದು ಭಾಬಿ ನನ್ನನ್ನು ಕೊಬ್ಬರಿ ತುರಿಯಲು ಕೂರಿಸಿದಳು.

“ಮೊದಲ ಹೇಳಬೇಕಿಲ್ಲ ನನಗ?” ಎಂದು ನೆಗೆಣ್ಣಿಯನ್ನು ಕೇಳಿದೆ.

“ಹೇಳಿದ್ರ ನೀವೂ ಬಂದ ಕುಂತಬಿಡತಿದ್ರಿ.” ಝಾರಿಯಲ್ಲಿ ಎಣ್ಣೆ ಬಸಿಯುತ್ತ ಹೇಳಿದಳು, ಸಿಟ್ಟಿನಿಂದಲ್ಲ. “ಇಲ್ಲಿ ಯಾರೂ ನನ್ನ ಮಾರಿ ನೋಡೂದಿಲ್ರಿ ಅಕ್ಕಾ. ಎಣ್ಣಿ ಕಾದೈತೋ ಇಲ್ಲೋ ಅದನ್ನಷ್ಟ ನೋಡತಾರ.”

ನಾನು ಕೊಬ್ಬರಿಯನ್ನೇ ನೋಡಿದೆ. ಕರಿದದ್ದನ್ನು ಬುಟ್ಟಿಗೆ ಸುರಿದು ಅವಳೇ ಕೇಳಿದಳು:

“ಮುನವಳ್ಳಿಗೆ ಹೋಗ್ಲೇನ್ರಿ? ಅಣ್ಣ ಅಲ್ಲೇ ಇದ್ದಬಿಡು ಅನ್ನಾಕತ್ತಾನ.”

ಈ ಪ್ರಶ್ನೆಗೆ ನಾನು ವಾರದಿಂದ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳ ಮೇಲೆ ಒತ್ತಾಯ ಬೀಳಬಾರದು, ಅವಳಿಗೆ ಸ್ವಾತಂತ್ರ್ಯವಿರಬೇಕು ಎಂದೆಲ್ಲ ಬಸ್ಸಿನಲ್ಲಿ ಯೋಚಿಸಿ ತಿದ್ದಿ ಇಟ್ಟ ಉತ್ತರ.

“ನಿನ್ನ ಮನಸ್ಸಿದ್ದಂಗ ಮಾಡವಾ. ನಮ್ಮದೇನ ಅಡ್ಡಿ ಇಲ್ಲ.”

ಅವಳು “ಹೂಂ” ಎಂದಳು. ಒಲೆಯ ಕಡೆ ತಿರುಗಿದಳು. ಆಮೇಲೆ ನಗಲಿಲ್ಲ.

ನಾನು ಹೊರಡುವಾಗ ಭಾಬಿ ಬಾಗಿಲ ತನಕ ಬಂದು ದನಿ ತಗ್ಗಿಸಿ ಬೈದಳು. “ಅಡ್ಡಿ ಇಲ್ಲಂತ! ಬಾಡಿಗಿ ಇದ್ದವ್ರು ಖೋಲಿ ಬಿಡ್ತೇವಂದ್ರ ಹೇಳೂ ಮಾತ ಅದು. ಓದಿದ್ದ ಹೆಚ್ಚಾತೇನ್ರಿ ನಿಮಗ?”

ಅಂದು ಸಂಜೆ ನಾನು ಕೂತಲ್ಲಿ ಕೂರಲಿಲ್ಲ. ಮಡಚಿದ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿದೆ. ಕೊನೆಗೆ ಗಂಡನಿಗೆ ಹೇಳಿದೆ, “ಕಿತ್ತೂರಿಗೆ ಹೋಗೂದ ಬ್ಯಾಡ. ಅಳಿಯಂದ್ರನ್ನ ಇಲ್ಲೇ ಕರಿಯೂಣು. ಫರಾಳಕ್ಕ ಭಾಬಿಗೆ ಆರ್ಡರ್ ಕೊಡೂಣು. ಕಡಾಯಿ ಆಕೀದು, ಒಲಿ ಆಕೀದು.”

“ಅಕ್ಕಗ ಯಾರ ಹೇಳಾವ್ರು?”

ಯಾರೂ ಹೇಳಲಿಲ್ಲ. ಸವದತ್ತಿ ಅಕ್ಕ ಹಬ್ಬದ ಹಿಂದಿನ ದಿನ ತಾವಾಗಿಯೇ ಬಂದಿಳಿದರು. ಕೈಕಾಲು ತೊಳೆಯುವ ಮೊದಲು ಅಡುಗೆಮನೆಗೆ ಹೋಗಿ ಒಲೆ ನೋಡಿದರು. ಬೋರಲು ಹಾಕಿದ ಕಡಾಯಿಯ ಬೆನ್ನಿನ ಮೇಲೆ ಬೆರಳಾಡಿಸಿ ಧೂಳು ಕೂತಿದೆ ಎಂದು ಖಾತ್ರಿ ಮಾಡಿಕೊಂಡು ಹೊರಗೆ ಬಂದರು. ಅಂಥ ಧೂಳಿಗೆ ಅವರು ಸಂತೋಷಪಟ್ಟಿದ್ದು ಅದೊಂದೇ ಸಲ.

ಮಗಳು ಅಳಿಯ ರಾಮದುರ್ಗದಿಂದ ಬಂದರು. ಮರುದಿನ ನಸುಕಿನಲ್ಲಿ ನೀರೆರೆದದ್ದಾಯಿತು, ಆರತಿಯಾಯಿತು. ಫರಾಳದ ತಾಟು ಮುಂದಿಟ್ಟಾಗ ಮಗಳು ಕರ್ಚಿಕಾಯಿ ಕಚ್ಚಿ, “ಕಾಕುನ ಕೈದು!” ಎಂದುಬಿಟ್ಟಳು. ಎಲ್ಲರ ಕಣ್ಣೂ ಸವದತ್ತಿ ಅಕ್ಕನ ಕಡೆ ಹೋದವು. ಸವದತ್ತಿ ಅಕ್ಕ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು.

“ನನಗ ಕಿವಿ ಸರಿಯಾಗಿ ಕೇಳವಲ್ಲವು,” ಅಂದರು. “ಇನ್ನೊಂದ ಹಾಕು.”

ನಕ್ಕೆವು. ಆಗ ಅಳಿಯ, ಪಾಪ, ಮಾತಿಗೆ ಮಾತು ಸೇರಿಸಲೆಂದು ಅಂಗಳದ ಕಡೆ ಕೈ ತೋರಿಸಿ ಕೇಳಿದ, “ಅಲ್ಲೆ ವಾಯರ್ ಯಾಕ್ರಿ ಜೋತ ಬಿದ್ದೈತಿ?” ಅದು ಮೈದುನ ಪ್ರತಿ ವರ್ಷ ಆಕಾಶಬುಟ್ಟಿ ಕಟ್ಟಲು ಎಳೆದಿದ್ದ ವಾಯರು. ಬಲ್ಬು ಹಾಕುವ ಜಾಗ ಖಾಲಿ ಇತ್ತು.

ನೀರೊಲೆಗೆ ಕಟ್ಟಿಗೆ ಹಾಕುತ್ತೇನೆಂದು ಬಚ್ಚಲಿಗೆ ಹೋದೆ. ಅವನು ಹೋದ ದಿನದಿಂದ ನಾನು ಅತ್ತಿರಲಿಲ್ಲ. ಇನ್ನೊಬ್ಬಳ ಕಣ್ಣು ಒದ್ದೆಯಾಗಿದೆಯೇ ಎಂದು ನೋಡುವುದರಲ್ಲಿ ಪುರಸೊತ್ತೇ ಸಿಕ್ಕಿರಲಿಲ್ಲ. ಚಡ್ಡಿ ಹಾಕಿಕೊಂಡ ಹುಡುಗ “ವೈನಿ, ಇನ್ನೊಂದ ಚಕ್ಕುಲಿ” ಎಂದು ಕೈ ಚಾಚಿದ್ದು ನೆನಪಾಯಿತು. ಮಗಳು ಇನ್ನು ಎರಡು ದಿನಕ್ಕೆ ಹೋಗುತ್ತಾಳೆ ಎಂಬುದೂ ಅದೇ ಅಳುವಿನಲ್ಲಿ ಸೇರಿಕೊಂಡಿತು. ಯಾವುದಕ್ಕೆ ಎಷ್ಟು ಅತ್ತೆನೋ ಗೊತ್ತಿಲ್ಲ. ನೆಗೆಣ್ಣಿ ಬಂದಳು. ನನ್ನ ಮುಖ ನೋಡಲಿಲ್ಲ. ಒಲೆಯ ಹೊರಗೆ ಉಳಿದಿದ್ದ ಕಟ್ಟಿಗೆಯನ್ನು ಕಾಲಿನಿಂದ ಒಳಗೆ ನೂಕಿ, ಊದುಕೊಳವಿಯಿಂದ ಎರಡು ಸಲ ಊದಿ, ಹಾಗೇ ಪಕ್ಕದಲ್ಲಿ ನಿಂತುಕೊಂಡಳು.

ಪಾಡ್ಯದ ದಿನ ಅವಳ ಅಣ್ಣ ಮುನವಳ್ಳಿಯಿಂದ ಬಂದ. ಊಟವಾಯಿತು. ಅವಳು ಬ್ಯಾಗು ಹಿಡಿದು ಹೊರಗೆ ಬಂದಳು.

“ಹೋಗಬ್ಯಾಡ,” ಅಂದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಅದು ಹಿಂದಿನ ಬೆಂಚಿನವರಿಗೆ ಗದರಿದಂತೆ ಕೇಳಿಸಿತು.

“ಯಾಕ್ರಿ ಅಕ್ಕಾರ?” ಅವಳ ಅಣ್ಣ ಗಾಬರಿಯಾದ.

ಕಾರಣ ಹುಡುಕಿದೆ. ದಿನಕ್ಕೆ ನೂರು ಕಾರಣ ಹುಟ್ಟಿಸುವ ತಲೆಯಲ್ಲಿ ಆಗ ಒಂದೂ ಸಿಗಲಿಲ್ಲ. “ಈ ಮನೀಗೆ ಆಕಿ ಬೇಕು,” ಅಂದೆ. “ನನಗ ಬೇಕು.”

ನೆಗೆಣ್ಣಿ ನನ್ನನ್ನೇ ನೋಡಿದಳು. ಆ ದಿನ ನೋಡಿಸಿಕೊಳ್ಳುವ ಪಾಳಿ ನನ್ನದು.

“ನಾಕ ದಿನ ಇದ್ದ ಬರತೇನ್ರಿ,” ಎಂದು ಗಾಡಿ ಹತ್ತಿದಳು.

ನಾಲ್ಕು ದಿನ ಎಂದರೆ ನಮ್ಮ ಕಡೆ ಎಷ್ಟಾದರೂ ಆಗಬಹುದು. ಮಗಳು ಅಳಿಯನೂ ಹೊರಟುಹೋದರು. ನಾನು ಹಿಂದಿನ ಖೋಲಿಗೆ ಹೋಗಿ ಸಾಕ್ಷಿ ಹುಡುಕಿದೆ. ಟ್ರಂಕು ಇಲ್ಲೇ ಇತ್ತು, ಬರುತ್ತಾಳೆ. ಮೈದುನನ ಫೋಟೋ ಇರಲಿಲ್ಲ, ಬರುವುದಿಲ್ಲ. ಹೊದೆಯುವ ಕೌದಿ ಬಿಟ್ಟು ಹೋಗಿದ್ದಳು, ಬರುತ್ತಾಳೆ. ಆದರೆ ಚಳಿಗಾಲದಲ್ಲಿ ಕೌದಿ ಎಲ್ಲ ಮನೆಯಲ್ಲೂ ಇರುತ್ತದಲ್ಲ? ಫೋನು ಎತ್ತಿಕೊಂಡೆ, ಇಟ್ಟೆ. ಕಾಯಿಪಲ್ಲೆ ತರುವ ನೆಪದಲ್ಲಿ ಬಸ್‌ಸ್ಟ್ಯಾಂಡಿನ ಮೇಲೆ ಹಾಯ್ದು, ಮುನವಳ್ಳಿಯ ಬಸ್ಸು ಖಾಲಿಯಾಗುವ ತನಕ ನಿಂತು, ಮನೆಯಲ್ಲಿ ಇದ್ದ ಬದನೆಕಾಯಿಯನ್ನೇ ಮತ್ತೆ ಕೊಂಡು ಬಂದೆ. ಗಂಡ ದಿನಾ ಬದನೆಕಾಯಿ ತಿಂದರು.

ಒಂದು ಸಂಜೆ ಶಾಲೆಯಿಂದ ಬಂದರೆ ಹಿತ್ತಲಲ್ಲಿ ಯಾರೋ ಓಡಾಡಿದ ಸಪ್ಪಳ. ನೆಗೆಣ್ಣಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತು, ಬಚ್ಚಲಿನ ಗೋಡೆಯಿಂದ ಕಟ್ಟೆಯ ತನಕ ಗೇಣು ಹಾಕುತ್ತಿದ್ದಳು.

“ಯಾವಾಗ ಬಂದಿ?”

“ಮಧ್ಯಾಹ್ನನ ಬಂದೇನ್ರಿ. ಭಾಬಿ ಲಗ್ನದ ಆರ್ಡರ್ ಹಿಡದಾಳ, ಒಂದ ಸಮನ ಫೋನ್ ಮಾಡಾಕತ್ತಿದ್ಲು.” ನನ್ನ ಕಡೆ ನೋಡದೆಯೇ ಅಳತೆ ಮುಂದುವರಿಸಿದಳು. “ನಿಮ್ಮ ಸಲುವಾಗಿ ಓಡಿ ಬಂದೇನಿ ಅಂತ ತಿಳಕೊಬ್ಯಾಡ್ರಿ ಮತ್ತ.”

“ಇಲ್ಲಿಲ್ಲ,” ಅಂದೆ.

“ಅಕ್ಕಾ, ವರ್ಷ ತುಂಬಿದ ಮ್ಯಾಲ ಇಲ್ಲೆ ಒಂದ ದೊಡ್ಡ ಒಲಿ ಹಾಕಸೂಣು. ಭಾಬಿ ಮನ್ಯಾಗ ಜಾಗಾ ಸಾಲವಲ್ದು. ಎರಡ ಕಡಾಯಿ ಇಟ್ರ ಕೆಲಸ ಲಗೂ ಆಗತೈತಿ.”

ವರ್ಷ ತುಂಬಿದ ಮೇಲೆ, ಇಲ್ಲಿ. ಇದನ್ನು ಕೇಳಿ ಸಂತೋಷಪಡಬೇಕಾದ ನಾನು ಆಗಲೇ ಸಿಲಿಂಡರ್ ಎಲ್ಲಿ ಇಡುವುದು, ಬೇವಿನ ಒಣ ಎಲೆ ಬಿದ್ದು ಬೆಂಕಿ ಹತ್ತಿದರೆ, ಮಳೆ ಬಂದರೆ ಎಂದೆಲ್ಲ ಹೊರಟಿದ್ದೆ. ಬಾಯಿಗೆ ಬಂದದ್ದು ಒಂದೇ:

“ಅಲ್ಲವಾ, ಮತ್ತ ಬಟ್ಟಿ ಎಲ್ಲೆ ಒಣಾ ಹಾಕೂದು?”

“ಅದೊಂದ ಚಿಂತಿ ನಿಮಗಿರ್ಲಿ,” ಎಂದು ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಕತ್ತಲಾಗುವ ತನಕ ನಾನು ಹಗ್ಗದ ಒಂದು ತುದಿ ಹಿಡಿದುಕೊಂಡು ಹಿತ್ತಲೆಲ್ಲ ತಿರುಗಿದೆ. ಬೇವಿನ ಗಿಡಕ್ಕೆ ಕಟ್ಟಿದರೆ ಕಾಗೆಯ ಕಾಟ, ಕಿಟಕಿಗೆ ಕಟ್ಟಿದರೆ ನೀರೊಲೆಯ ಹೊಗೆ.